ಕಡಿಮೆ ಖರ್ಚಿನಲ್ಲಿ ಎಂಜಿನಿಯರಿಂಗ್ ಓದು: ಎಸ್ಸೆಸ್ಸೆಲ್ಸಿಯ ಹೊತ್ತಿಗೇ ಆರಂಭವಾಗಬೇಕಾದ ಲೆಕ್ಕಾಚಾರ

ಕರ್ನಾಟಕದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಪಾಠ ಕೇಳುವ ನಾಲ್ವರು ವಿದ್ಯಾರ್ಥಿಗಳು ನಾಲ್ಕು ಬಗೆಯ ಶುಲ್ಕ ಕಟ್ಟಿರುವುದು ಸಾಮಾನ್ಯ. ಒಬ್ಬರು ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿ ಮೂಲಕ ಸರ್ಕಾರಿ ಕೋಟಾದಲ್ಲಿ ಬಂದಿರುತ್ತಾರೆ, ಇನ್ನೊಬ್ಬರು ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆ ಮೂಲಕ, ಮತ್ತೊಬ್ಬರು ಆಡಳಿತ ಮಂಡಳಿಯ ಕೋಟಾದಲ್ಲಿ ಬಂದಿರುತ್ತಾರೆ. ನಾಲ್ಕನೆಯವರಿಗೆ ಮಂಜೂರಾದ ಸಂಖ್ಯೆಗೆ ಹೆಚ್ಚುವರಿಯಾಗಿ ನೀಡುವ, ಬೋಧನಾ ಶುಲ್ಕವೇ ಇಲ್ಲದ ಸೂಪರ್‌ನ್ಯೂಮರರಿ ಸೀಟು ದೊರೆತಿರುತ್ತದೆ. ನಾಲ್ವರೂ ಬರೆಯುವ ಪರೀಕ್ಷೆ ಒಂದೇ, ಪಡೆಯುವ ಪದವಿ ಒಂದೇ. ಆದ್ದರಿಂದ ಹಣದ ಅನುಕೂಲ ಕಡಿಮೆ ಇರುವ ಕುಟುಂಬವು ಮೊದಲು ಕೇಳಬೇಕಾದ ಪ್ರಶ್ನೆ ಯಾವ ಕಾಲೇಜು ಎಂಬುದಲ್ಲ, ಯಾವ ಬಗೆಯ ಸೀಟು ಎಂಬುದು. ಆ ಸೀಟಿಗೆ ಬೇಕಾದ ಅಂಕ, ದಾಖಲೆ ಮತ್ತು ಅರ್ಹತೆಗಳನ್ನು ಒದಗಿಸಿಕೊಳ್ಳಲು ಎರಡು ಮೂರು ವರ್ಷ ಬೇಕಾಗುವುದರಿಂದ ಈ ಯೋಜನೆ ಹತ್ತನೆಯ ತರಗತಿಯಲ್ಲಿಯೇ ಆರಂಭವಾಗಬೇಕು.

ಎಸ್ಸೆಸ್ಸೆಲ್ಸಿಯ ನಂತರ ಮುಖ್ಯವಾಗಿ ಎರಡು ದಾರಿಗಳಿವೆ. ಎರಡು ವರ್ಷ ಪಿಯುಸಿ ವಿಜ್ಞಾನ ಓದಿ, ಸಿಇಟಿ ಬರೆದು ನಾಲ್ಕು ವರ್ಷದ ಬಿ.ಇ.ಗೆ ಸೇರುವುದು ಮೊದಲನೆಯದು. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ, ಡಿಪ್ಲೊಮಾ ಪಡೆದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಬಿ.ಇ.ಯ ಎರಡನೆಯ ವರ್ಷಕ್ಕೆ ಸೇರುವುದು ಎರಡನೆಯದು. ಎರಡರಲ್ಲಿಯೂ ಒಟ್ಟು ಆರು ವರ್ಷವೇ ಹಿಡಿಯುವುದರಿಂದ ಡಿಪ್ಲೊಮಾ ಮಾಡಿದರೆ ವರ್ಷ ಹಾಳಾಗುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ. ಖರ್ಚಿನ ದೃಷ್ಟಿಯಿಂದ ನೋಡಿದರೆ ಸರ್ಕಾರಿ ಪಾಲಿಟೆಕ್ನಿಕ್‌ನ ವಾರ್ಷಿಕ ಶುಲ್ಕ ಕೆಲವೇ ಸಾವಿರ ರೂಪಾಯಿಗಳಲ್ಲಿ ಮುಗಿಯುತ್ತದೆ, ದುಬಾರಿ ಕೋಚಿಂಗ್‌ನ ಒತ್ತಡ ಇರುವುದಿಲ್ಲ, ಎಂಜಿನಿಯರಿಂಗ್ ಕಾಲೇಜಿಗೆ ಕಟ್ಟಬೇಕಾದ ನಾಲ್ಕು ವರ್ಷದ ಶುಲ್ಕ ಮೂರು ವರ್ಷಕ್ಕೆ ಇಳಿಯುತ್ತದೆ.

ಡಿಪ್ಲೊಮಾದ ನಿಜವಾದ ಬಲ ಇನ್ನೊಂದು ಕಡೆ ಇದೆ. ಮನೆಯ ಪರಿಸ್ಥಿತಿ ನಡುವೆ ಕೈಕೊಟ್ಟರೆ ಪಿಯುಸಿ ಮಾತ್ರ ಮುಗಿಸಿದವರಿಗೆ ತಾಂತ್ರಿಕ ಕೆಲಸದ ಬಾಗಿಲು ಅಷ್ಟಾಗಿ ತೆರೆದಿರುವುದಿಲ್ಲ. ಡಿಪ್ಲೊಮಾ ಮುಗಿಸಿದವರಾದರೆ ಲೋಕೋಪಯೋಗಿ ಇಲಾಖೆಯಂಥ ಕಡೆಗಳಲ್ಲಿ ಕಿರಿಯ ಎಂಜಿನಿಯರ್, ರೈಲ್ವೆಯಲ್ಲಿ ಜೂನಿಯರ್ ಎಂಜಿನಿಯರ್, ಇಸ್ರೋದಲ್ಲಿ ತಾಂತ್ರಿಕ ಸಹಾಯಕ ಹುದ್ದೆಗಳಿಗೆ ಅರ್ಜಿ ಹಾಕಬಹುದು ಅಥವಾ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತಾ ತರಬೇತಿಗೆ ಸೇರಬಹುದು. ಓದನ್ನು ಎಲ್ಲಿ ನಿಲ್ಲಿಸಿದರೂ ಅಲ್ಲಿಯವರೆಗಿನ ಶ್ರಮಕ್ಕೆ ಬೆಲೆ ಸಿಗುವ ದಾರಿಯನ್ನೇ ಬಡ ಕುಟುಂಬದ ವಿದ್ಯಾರ್ಥಿ ಆರಿಸಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎರಡು ವರ್ಷದ ಐಟಿಐ ಮುಗಿಸಿದವರಿಗೂ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುವ ಅವಕಾಶ ಇದೆ. ಯಂತ್ರೋಪಕರಣಗಳ ಕೆಲಸದಲ್ಲಿ ನಿಜವಾದ ಆಸಕ್ತಿ ಇರುವವರು ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ, ಅಂದರೆ ಜಿಟಿಟಿಸಿಯ, ಮೂರು ವರ್ಷದ ಓದು ಮತ್ತು ಒಂದು ವರ್ಷದ ಕೈಗಾರಿಕಾ ತರಬೇತಿ ಸೇರಿದ ಡಿಪ್ಲೊಮಾಗಳನ್ನೂ ವಿಚಾರಿಸಬೇಕು.

ಈ ದಾರಿಯಲ್ಲಿ ಒಂದು ಕಡಿದಾದ ಏರು ಇದೆ, ಅದು ಗಣಿತ. ಬಿ.ಇ. ಮೊದಲ ವರ್ಷದಲ್ಲಿ ಉಳಿದವರು ಕಲಿತಿರುವ ಕಲನಶಾಸ್ತ್ರ, ಅವಕಲ ಸಮೀಕರಣ ಮತ್ತು ಮ್ಯಾಟ್ರಿಕ್ಸ್‌ಗಳನ್ನು ಡಿಪ್ಲೊಮಾದಿಂದ ಬಂದವರು ಅಷ್ಟು ಆಳವಾಗಿ ಓದಿರುವುದಿಲ್ಲ. ಸೇರಿದ ಕೂಡಲೇ ಲ್ಯಾಪ್ಲಾಸ್ ರೂಪಾಂತರ, ಫೊರಿಯರ್ ಶ್ರೇಣಿಗಳು ಎದುರಾಗುತ್ತವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಇಂಥವರಿಗಾಗಿಯೇ ಹೆಚ್ಚುವರಿ ಗಣಿತದ ವಿಷಯಗಳನ್ನು ಇಟ್ಟಿದ್ದು, ಅವನ್ನೂ ತೇರ್ಗಡೆ ಮಾಡಿಕೊಳ್ಳಬೇಕಾಗುತ್ತದೆ. ಒಂದೇ ಸೆಮಿಸ್ಟರ್‌ನಲ್ಲಿ ಎರಡು ಗಣಿತ ಹೊತ್ತು ತೇರ್ಗಡೆಯಾಗದ ವಿಷಯಗಳ ಬ್ಯಾಕ್‌ಲಾಗ್ ಉಳಿಸಿಕೊಂಡರೆ ಉಳಿಸಿದ ಹಣವೆಲ್ಲ ಒಂದು ವರ್ಷದ ವಿಳಂಬದಲ್ಲಿ ಕರಗಿಹೋಗುತ್ತದೆ. ಡಿಪ್ಲೊಮಾದ ಕೊನೆಯ ಪರೀಕ್ಷೆಗೂ ಬಿ.ಇ. ತರಗತಿಗಳ ಆರಂಭಕ್ಕೂ ನಡುವೆ ಸಿಗುವ ತಿಂಗಳುಗಳಲ್ಲಿ ಪಿಯುಸಿಯ ಸರ್ಕಾರಿ ಪಠ್ಯಪುಸ್ತಕ ಹಿಡಿದು ಅವಕಲನ ಮತ್ತು ಸಮಾಕಲನದ ಲೆಕ್ಕಗಳನ್ನು ಕೈಯಾರೆ ಬಿಡಿಸಿದರೆ ಈ ಏರನ್ನು ಹತ್ತಬಹುದು. ಡಿಸಿಇಟಿ ಮೂಲಕ ಸಿಗುವ ಸೀಟುಗಳು ಮಂಜೂರಾದ ಸೀಟುಗಳ ಶೇಕಡಾ 10ರಷ್ಟು ಮತ್ತು ಮೊದಲ ವರ್ಷದಲ್ಲಿ ಖಾಲಿ ಉಳಿದಷ್ಟು ಮಾತ್ರ ಆಗಿರುವುದರಿಂದ ಬೇಡಿಕೆಯ ಶಾಖೆಗಳಿಗೆ ಪೈಪೋಟಿ ಬಿಗಿಯಾಗಿರುತ್ತದೆ ಎಂಬುದನ್ನೂ ತಿಳಿದೇ ಹೊರಡಬೇಕು.

ಪಿಯುಸಿಯ ದಾರಿ ಹಿಡಿದವರಿಗೆ ಸಿಇಟಿ ರ್‍ಯಾಂಕ್ ನಿರ್ಧಾರವಾಗುವುದು ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ ಮತ್ತು ಸಿಇಟಿ ಅಂಕಗಳಿಗೆ ಅರ್ಧ ತೂಕ ಕೊಟ್ಟು. ಎರಡು ವರ್ಷದ ದುಬಾರಿ ಕೋಚಿಂಗ್‌ಗೆ ಸೇರಿಸಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸುವವರು ರ್‍ಯಾಂಕಿನ ಅರ್ಧ ಭಾಗವನ್ನೇ ಕೈಬಿಟ್ಟಂತಾಗುತ್ತದೆ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60ರಂತೆ 180 ಪ್ರಶ್ನೆಗಳಿದ್ದು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪಠ್ಯಪುಸ್ತಕ ಮತ್ತು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದವರಿಗೆ ಇದು ಎಟುಕುವ ಪರೀಕ್ಷೆ. ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಾದ ಜೆಇಇ ಬರೆಯುವ ಸಾಮರ್ಥ್ಯ ಇರುವವರು ಐಐಟಿ, ಎನ್‌ಐಟಿಗಳು ಶ್ರೀಮಂತರ ಪಾಲು ಎಂದು ಹಿಂಜರಿಯಬಾರದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಅಲ್ಲಿ ಬೋಧನಾ ಶುಲ್ಕ ಪೂರ್ಣ ಮನ್ನಾ ಆಗುತ್ತದೆ. ಉಳಿದವರಲ್ಲಿ ಕುಟುಂಬದ ವಾರ್ಷಿಕ ಆದಾಯ 1 ಲಕ್ಷ ರೂಪಾಯಿಗಿಂತ ಕಡಿಮೆ ಇದ್ದರೆ ಪೂರ್ಣ, 1ರಿಂದ 5 ಲಕ್ಷದೊಳಗೆ ಇದ್ದರೆ ಮೂರನೆಯ ಎರಡು ಭಾಗ ಮನ್ನಾ ಇದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅರ್ಧದಷ್ಟು ಸೀಟುಗಳು ರಾಜ್ಯದ ವಿದ್ಯಾರ್ಥಿಗಳಿಗೇ ಮೀಸಲು. ಬಡ ವಿದ್ಯಾರ್ಥಿಗೆ ಇಂಥ ಸಂಸ್ಥೆಯ ಓದು ಪಕ್ಕದ ಊರಿನ ಖಾಸಗಿ ಕಾಲೇಜಿಗಿಂತ ಅಗ್ಗವಾಗುವುದು ಅಪರೂಪವಲ್ಲ.

ಸಿಇಟಿ ಅರ್ಜಿ ತುಂಬುವ ದಿನ, ಇಡೀ ಆರು ವರ್ಷಗಳಲ್ಲಿ ಹಣದ ದೃಷ್ಟಿಯಿಂದ ಅತ್ಯಂತ ಮಹತ್ವದ ದಿನ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕನ್ನಡ ಮಾಧ್ಯಮ ಮೀಸಲಾತಿ, ಕಲ್ಯಾಣ ಕರ್ನಾಟಕದವರಾದರೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗೆ ಇದ್ದರೆ ಸೂಪರ್‌ನ್ಯೂಮರರಿ ಕೋಟಾ, ಇವೆಲ್ಲವನ್ನೂ ಅರ್ಜಿಯಲ್ಲಿಯೇ ಕೋರಬೇಕು. ಆಗ ಕೋರದೆ ಬಿಟ್ಟದ್ದನ್ನು ಸೀಟು ಹಂಚಿಕೆಯ ಹೊತ್ತಿನಲ್ಲಿ ಕೇಳಿದರೆ ಸಿಗುವುದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಪಡೆದು ಅವುಗಳ ಮೇಲೆ ಮುದ್ರಿತವಾಗಿರುವ ಆರ್‌ಡಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಮಾಡಿಸಿರಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹೆಸರು, ಆಧಾರ್‌ನಲ್ಲಿ ಇರುವ ಹೆಸರು ಮತ್ತು ಆದಾಯ ಪ್ರಮಾಣಪತ್ರದ ಹೆಸರುಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಬೇಕು. ತಂದೆಯ ಹೆಸರಿನ ಮೊದಲ ಅಕ್ಷರ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇದ್ದರೂ ಅರ್ಜಿ ತಡೆಯುವುದುಂಟು, ತಿದ್ದುಪಡಿಗೆ ವಾರಗಟ್ಟಲೆ ಹಿಡಿಯುವುದುಂಟು.

ಸೂಪರ್‌ನ್ಯೂಮರರಿ ಸೀಟಿನ ಬಗ್ಗೆ ಒಂದು ಮಾತನ್ನು ವಿವರವಾಗಿಯೇ ಹೇಳಬೇಕು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ, ಅಂದರೆ ಎಐಸಿಟಿಇಯ, ಬೋಧನಾ ಶುಲ್ಕ ಮನ್ನಾ ಯೋಜನೆಯಡಿ ಬರುವ ಈ ಸೀಟುಗಳು ಪ್ರತಿ ಶಾಖೆಯ ಮಂಜೂರಾದ ಸೀಟುಗಳಿಗೆ ಹೆಚ್ಚುವರಿಯಾಗಿ ಶೇಕಡಾ 5ರಷ್ಟು ಇರುತ್ತವೆ. ಮನ್ನಾ ಆಗುವುದು ಬೋಧನಾ ಶುಲ್ಕ ಮಾತ್ರ. ವಿಶ್ವವಿದ್ಯಾಲಯದ ಶುಲ್ಕ, ಪರೀಕ್ಷಾ ಶುಲ್ಕ, ಹಾಸ್ಟೆಲ್ ವೆಚ್ಚ ಕಟ್ಟಲೇಬೇಕು. ಸೇರಿದ ಮೇಲೆ ಕಾಲೇಜನ್ನಾಗಲಿ ಶಾಖೆಯನ್ನಾಗಲಿ ಬದಲಿಸಲು ಅವಕಾಶ ಇಲ್ಲದ ಕಾರಣ ಶಾಖೆಯ ಬಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡೇ ಈ ಸೀಟನ್ನು ಆರಿಸಬೇಕು.

ಆಯ್ಕೆಗಳನ್ನು ದಾಖಲಿಸುವಾಗ ಸರ್ಕಾರಿ ಕಾಲೇಜುಗಳನ್ನು ಕೆಳಗೆ ತಳ್ಳುವ ಅಭ್ಯಾಸ ನಮ್ಮಲ್ಲಿ ಹೆಚ್ಚಾಗಿದೆ, ಇದು ಬೇಸರದ ಸಂಗತಿ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1917ರಲ್ಲಿ ಆರಂಭವಾದ ಬೆಂಗಳೂರಿನ ವಿಶ್ವವಿದ್ಯಾಲಯ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು, ಅಂದರೆ ಯುವಿಸಿಇ, ಇಂದಿಗೂ ಕಡಿಮೆ ಶುಲ್ಕದಲ್ಲಿ ಉತ್ತಮ ಪದವಿ ನೀಡುವ ಸಂಸ್ಥೆ. ಹಾಸನ, ರಾಮನಗರ, ಚಾಮರಾಜನಗರ, ಹಾವೇರಿ, ರಾಯಚೂರು, ಕಾರವಾರಗಳಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಮಂಡ್ಯದ ಪಿಇಎಸ್, ಹಾಸನದ ಮಲೆನಾಡು, ಕಲಬುರಗಿಯ ಪಿಡಿಎ, ಬಾಗಲಕೋಟೆಯ ಬಸವೇಶ್ವರ ಮೊದಲಾದ ಕಾಲೇಜುಗಳಲ್ಲಿ ಸರ್ಕಾರದ ಅನುದಾನ ಪಡೆಯುವ, ಅಂದರೆ ಅನುದಾನಿತ, ಸೀಟುಗಳಿದ್ದು, ಅವುಗಳ ಶುಲ್ಕ ಖಾಸಗಿ ಸೀಟುಗಳಿಗಿಂತ ಬಹಳ ಕಡಿಮೆ. ಅನುದಾನಿತ ಕಾಲೇಜಿನ ಎಲ್ಲ ಶಾಖೆಗಳೂ ಅನುದಾನಿತ ಅಲ್ಲ ಎಂಬುದು ಇಲ್ಲಿ ನೆನಪಿಡಬೇಕಾದ ಅಂಶ. ಸಾಮಾನ್ಯವಾಗಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನಂಥ ಹಳೆಯ ಶಾಖೆಗಳಿಗೆ ಅನುದಾನ ಇದ್ದು, ನಂತರ ಬಂದ ಶಾಖೆಗಳು ಅನುದಾನರಹಿತವಾಗಿರುತ್ತವೆ. ಖಾಸಗಿ ವಿಶ್ವವಿದ್ಯಾಲಯಗಳ ಸೀಟುಗಳೂ ಇದೇ ಪಟ್ಟಿಯಲ್ಲಿ ಬರುತ್ತವೆ, ಅವುಗಳ ಶುಲ್ಕದ ಲೆಕ್ಕವೇ ಬೇರೆ. ಪ್ರತಿ ಆಯ್ಕೆಯ ಎದುರು ಆ ವರ್ಷದ ಶುಲ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಅದಕ್ಕೆ ವಸತಿಯ ಖರ್ಚನ್ನು ಸೇರಿಸಿ, ನಾಲ್ಕರಿಂದ ಗುಣಿಸಿದ ಮೇಲೆಯೇ ಪಟ್ಟಿಯ ಕ್ರಮವನ್ನು ನಿರ್ಧರಿಸುವುದು ಸರಿಯಾದ ಪದ್ಧತಿ.

ವಸತಿಯ ಖರ್ಚನ್ನು ಹಲವರು ಕಡೆಯಲ್ಲಿ ನೆನೆಯುತ್ತಾರೆ, ಆದರೆ ಸರ್ಕಾರಿ ಕೋಟಾದ ವಿದ್ಯಾರ್ಥಿಗೆ ನಾಲ್ಕು ವರ್ಷದ ಊಟ ಮತ್ತು ಬಾಡಿಗೆ ಬೋಧನಾ ಶುಲ್ಕವನ್ನೂ ಮೀರಬಹುದು. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ಕಾಲೇಜಿಗೆ ಪ್ರವೇಶ ಸಿಕ್ಕ ದಿನವೇ ಅರ್ಜಿ ಹಾಕಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳ ನೆರವು ಇದೆ. ರಾಜ್ಯದ ವಿದ್ಯಾರ್ಥಿವೇತನ ಮತ್ತು ಶುಲ್ಕ ವಿನಾಯಿತಿಗಳಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಬೇಕು. ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ ಯೋಜನೆಯಡಿ ವರ್ಷಕ್ಕೆ 50,000 ರೂಪಾಯಿ ದೊರೆಯುತ್ತದೆ. ಕುಟುಂಬದ ಆದಾಯ 8 ಲಕ್ಷದೊಳಗೆ ಇರಬೇಕು, ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ ಅವಕಾಶ, ಡಿಪ್ಲೊಮಾ ಮತ್ತು ಪದವಿ ಎರಡಕ್ಕೂ ಈ ಯೋಜನೆ ಇದೆ. ಅರ್ಜಿ ಮಂಜೂರಾದರೂ ಹಣ ಬಾರದಿರಲು ಸಾಮಾನ್ಯ ಕಾರಣ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲದಿರುವುದು. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿರುವುದೇ ಬೇರೆ, ಸರ್ಕಾರದ ಹಣವನ್ನು ಖಾತೆಗೆ ತಲುಪಿಸುವ ಪಾವತಿ ಸಂಸ್ಥೆಯಾದ ಎನ್‌ಪಿಸಿಐನಲ್ಲಿ ಆ ಖಾತೆ ಜೋಡಣೆಯಾಗಿರುವುದೇ ಬೇರೆ. ಬ್ಯಾಂಕಿಗೆ ಹೋಗಿ ಎರಡನೆಯದನ್ನೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ಇಷ್ಟೆಲ್ಲ ಆದ ಮೇಲೂ ಹಣ ಸಾಲದಿದ್ದರೆ ಮಾತ್ರ ಸಾಲದ ಕಡೆ ನೋಡಬೇಕು. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಶೇಕಡಾ 10ರ ಸರಳ ಬಡ್ಡಿಗೆ ಸಾಲ ಪಡೆದರೆ, ಓದು ಮುಗಿದು ಒಂದು ವರ್ಷದ ನಂತರ ಕಂತು ಆರಂಭವಾಗುವ ಹೊತ್ತಿಗೆ ಬಡ್ಡಿಯೇ 1 ಲಕ್ಷ 40 ಸಾವಿರ ಆಗಿರುತ್ತದೆ. ಕುಟುಂಬದ ಆದಾಯ 4.5 ಲಕ್ಷದೊಳಗೆ ಇದ್ದು, ಓದುವ ಸಂಸ್ಥೆಗೆ ಗುಣಮಟ್ಟ ಪರಿಶೀಲಿಸುವ ನ್ಯಾಕ್ ಮಂಡಳಿಯ ಅಥವಾ ಕೋರ್ಸಿಗೆ ಅದೇ ಬಗೆಯ ಎನ್‌ಬಿಎ ಮಾನ್ಯತೆ ಇದ್ದರೆ ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ ಯೋಜನೆಯೇ ಭರಿಸುತ್ತದೆ. ಹಾಗಾಗಿ ಮಾನ್ಯತೆಯನ್ನು ಕಾಲೇಜು ಆರಿಸುವ ಮೊದಲೇ ವಿಚಾರಿಸಬೇಕು, ಸಾಲವನ್ನು ಈ ಯೋಜನೆಗೆ ಒಳಪಡುವ ಬ್ಯಾಂಕಿನಲ್ಲಿಯೇ ಪಡೆಯಬೇಕು. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಅಡಮಾನ ಕೇಳುವಂತಿಲ್ಲ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ ಅರಿವು ಸಾಲದ ಬಡ್ಡಿ ಬ್ಯಾಂಕಿನದಕ್ಕಿಂತ ಬಹಳ ಕಡಿಮೆ ಇರುವುದರಿಂದ ಅದಕ್ಕೇ ಮೊದಲು ಪ್ರಯತ್ನಿಸಬೇಕು.

ಅಗ್ಗದ ಹೆಸರಿನಲ್ಲಿ ದೂರಶಿಕ್ಷಣದ ಬಿ.ಇ. ಅಥವಾ ಬಿ.ಟೆಕ್ ಕೊಡಿಸುವುದಾಗಿ ಹೇಳುವವರನ್ನು ಸ್ಪಷ್ಟವಾಗಿ ನಿರಾಕರಿಸಿ. ಅನುಮೋದನೆ ಇಲ್ಲದೆ ದೂರಶಿಕ್ಷಣದಲ್ಲಿ ನೀಡಿದ್ದ ಎಂಜಿನಿಯರಿಂಗ್ ಪದವಿಗಳನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಒಪ್ಪಲಿಲ್ಲ. ಡಿಪ್ಲೊಮಾ ಮುಗಿಸಿ ಕೆಲಸದಲ್ಲಿ ಇರುವವರಿಗೆ ಎಐಸಿಟಿಇ ಅನುಮೋದಿಸಿದ ಕಾಲೇಜುಗಳಲ್ಲಿಯೇ ಸಂಜೆ ಅಥವಾ ಅನುಕೂಲದ ಸಮಯದಲ್ಲಿ ನಡೆಯುವ ಪದವಿ ತರಗತಿಗಳಿದ್ದು, ಸಂಬಳ ಬಿಡದೆ ಓದಲು ಅದು ನ್ಯಾಯವಾದ ದಾರಿ.

ಪದವಿಯ ಕೊನೆಯ ಎರಡು ವರ್ಷಗಳಲ್ಲಿ ಎಂ.ಟೆಕ್ ಪ್ರವೇಶಕ್ಕೆ ಬಳಸುವ ರಾಷ್ಟ್ರಮಟ್ಟದ ಗೇಟ್ ಪರೀಕ್ಷೆಗೆ ಸಿದ್ಧತೆ ನಡೆಸುವುದು ಖರ್ಚಿನ ದೃಷ್ಟಿಯಿಂದಲೂ ಜಾಣತನ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಆನ್‌ಲೈನ್ ಎನ್‌ಪಿಟಿಇಎಲ್ ಪಾಠಗಳನ್ನು ಉಚಿತವಾಗಿ ಕೇಳಬಹುದು. ಗೇಟ್ ಅಂಕದ ಮೇಲೆ ಹಲವು ಸಾರ್ವಜನಿಕ ಉದ್ಯಮಗಳು ನೇಮಕ ಮಾಡಿಕೊಳ್ಳುತ್ತವೆ. ಗೇಟ್ ಅರ್ಹತೆಯೊಂದಿಗೆ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುವುದರಿಂದ ಸ್ನಾತಕೋತ್ತರ ಓದಿಗಾಗಿ ಮನೆಯವರ ಮುಂದೆ ಮತ್ತೊಮ್ಮೆ ಕೈಚಾಚಬೇಕಾಗುವುದಿಲ್ಲ. ಆದರೆ ಈ ಸ್ಟೈಪೆಂಡ್ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಮಾತ್ರ ಅನ್ವಯಿಸುತ್ತದೆ ಮತ್ತು ಪ್ರವೇಶದ ಸಮಯದಲ್ಲಿ ಗೇಟ್ ಅಂಕಪಟ್ಟಿಯ ಅವಧಿ ಮುಗಿದಿರಬಾರದು. ಫಲಿತಾಂಶ ಬಂದ ದಿನದಿಂದ ಅದು ಮೂರು ವರ್ಷ ಮಾತ್ರ ಮಾನ್ಯ.