ಹಳೇ ಬೆಂಜ್ ಸಾಕಿದ ನನ್ನ ಅನುಭವ

ನನ್ನ ಹತ್ತಿರ ಇರುವುದು 1996ರ ಮರ್ಸಿಡಿಸ್ ಬೆಂಜ್ ಇ220. ಕಾರಿನ ಹುಚ್ಚು ಇರುವವರು ಇದನ್ನು ಕಂಪನಿಯ ಮಾಡೆಲ್ ಸಂಕೇತದಲ್ಲಿ ಡಬ್ಲ್ಯೂ124 ಅನ್ನುತ್ತಾರೆ. 2019ರಲ್ಲಿ ಕೊಂಡೆ. ಕೊಟ್ಟ ದುಡ್ಡಿಗೆ ಆಗ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಬರುತ್ತಿತ್ತು. ಮೈಸೂರಿಗೆ ಓಡಿಸಿಕೊಂಡು ಬಂದ ದಿನ ಅಮ್ಮ ಆರತಿ ಎತ್ತಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಎಲ್ಲಾ ಮಾಡಿದರು. ಅಪ್ಪ ಮಾತ್ರ ಜಗಲಿ ಮೇಲೆ ಕೂತಲ್ಲಿಂದಲೇ, "ಆನೆ ಕೊಳ್ಳೋದು ದೊಡ್ಡದಲ್ಲ ಕಣೋ, ಮೇವು ಎಲ್ಲಿಂದ ತರ್ತೀಯ?" ಅಂದರು.

ಅವರ ಮಾತು ಅರ್ಥವಾಗಲು ಎರಡು ತಿಂಗಳು ಸಾಕಾಯಿತು. ಹಳೇ ದೊಡ್ಡ ಕಾರಿನ ಬೆಲೆ ಇಳಿಯುತ್ತದೆ, ಅದರ ಸ್ಪೇರ್ ಬೆಲೆ ಇಳಿಯುವುದಿಲ್ಲ. ನೀವು ಸ್ವಿಫ್ಟ್ ದುಡ್ಡಿಗೆ ಕೊಂಡಿದ್ದೀರಿ ಅಂತ ಅಂಗಡಿಯವನಿಗೇನು ಗೊತ್ತು, ಅವನಿಗೆ ಕಾಣುವುದು ಬಾನೆಟ್ ಮೇಲಿನ ನಕ್ಷತ್ರ. ಆದರೆ ಇನ್ನೊಂದು ವಿಷಯ ತಿಳಿಯಲು ನನಗೆ ವರ್ಷಗಳೇ ಬೇಕಾದವು. ಈ ಕಾರಿನಲ್ಲಿ ಕಬ್ಬಿಣದ್ದು ಅಂತ ಏನಿದೆಯೋ ಅದು ಇವತ್ತಿನವರೆಗೂ ನನಗೆ ತೊಂದರೆ ಕೊಟ್ಟಿಲ್ಲ. ಕೊಟ್ಟಿದ್ದೆಲ್ಲ ರಬ್ಬರ್, ವೈರ್, ನೀರು, ಮತ್ತು ನನಗಿಂತ ಮುಂಚೆ ಕೈ ಹಾಕಿದವರು.

ನಮ್ಮ ದೇಶದಲ್ಲಿ ಈ ಮಾಡೆಲ್ 1995ರಲ್ಲಿ ಪುಣೆ ಹತ್ತಿರ ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್) ಜೊತೆ ಸೇರಿ ಜೋಡಿಸಲು ಶುರುವಾಯಿತು. ಜರ್ಮನಿಯಲ್ಲಿ ಅದಕ್ಕೂ ಹಳೆಯದು, 1984ರದ್ದು. ನನ್ನದು ನಾಲ್ಕು ಸಿಲಿಂಡರ್ ಪೆಟ್ರೋಲ್, 2.2 ಲೀಟರ್, 150 ಕುದುರೆಶಕ್ತಿ, ಐದು ಗೇರ್. ಮುಂದಿನ ಗಾಜಿಗೆ ಒಂದೇ ವೈಪರ್. ಅದು ಸುಮ್ನೆ ಆ ಕಡೆ ಈ ಕಡೆ ಹೋಗುವುದಿಲ್ಲ, ಮೂಲೆಗೆ ಬಂದಾಗ ಕೈ ಚಾಚಿದ ಹಾಗೆ ಉದ್ದವಾಗುತ್ತದೆ, ಮಧ್ಯಕ್ಕೆ ಬಂದಾಗ ಗಿಡ್ಡವಾಗುತ್ತದೆ. ಹಾಗೆ ಗಾಜಿನ ನೂರಕ್ಕೆ 86 ಭಾಗ ಒರೆಸುತ್ತದೆ. ಮಳೆ ಬಂದರೆ ಸಿಗ್ನಲ್‌ನಲ್ಲಿ ಪಕ್ಕದ ಆಟೋದವರೂ ಬಗ್ಗಿ ನೋಡುತ್ತಾರೆ.

ಮೊದಲ ಪೆಟ್ಟು ಬಿದ್ದಿದ್ದು ಐಡ್ಲಿಂಗ್‌ನಲ್ಲಿ, ಅಂದರೆ ಕಾರು ನಿಂತಲ್ಲೇ ಇಂಜಿನ್ ಓಡುವಾಗ. ಬೆಳಿಗ್ಗೆ ಚೆನ್ನಾಗಿರುತ್ತಿತ್ತು. ಇಂಜಿನ್ ಬಿಸಿಯಾದ ಮೇಲೆ ಆರ್‌ಪಿಎಂ, ಅಂದರೆ ಇಂಜಿನ್ ತಿರುಗುವ ವೇಗ, ಉಯ್ಯಾಲೆ ಆಡುತ್ತಿತ್ತು, ಸಿಗ್ನಲ್‌ನಲ್ಲಿ ನಿಂತರೆ ಆಫ್. ಹಿಂದಿನಿಂದ ಹಾರ್ನ್. ಒಂದು ಗ್ಯಾರೇಜಿಗೆ ಬಿಟ್ಟೆ. ಮೊದಲು ಸ್ಪಾರ್ಕ್ ಪ್ಲಗ್ ಬದಲಾಯಿಸಿದರು. ಆಮೇಲೆ ಗಾಳಿ ಅಳೆಯುವ ಸೆನ್ಸರ್. ಆಮೇಲೆ ಪೆಟ್ರೋಲ್ ಪಂಪ್. ಪ್ರತಿ ಸಲವೂ "ಇದೇ ಸಾರ್, ಇನ್ನೇನೂ ಇಲ್ಲ" ಅಂದರು. ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಈಗಿನ ಸ್ಕ್ಯಾನರ್ ಸಿಕ್ಕಿಸಲು ಈ ಕಾರಿನ ಡ್ಯಾಶ್‌ಬೋರ್ಡ್ ಕೆಳಗೆ ಜಾಗವೇ ಇಲ್ಲ, ಹಾಗಾಗಿ ಅವರಿಗೂ ಊಹೆ ಬಿಟ್ಟರೆ ಬೇರೆ ದಾರಿ ಇರಲಿಲ್ಲ ಅನ್ನಿ. ಆದರೆ ಊಹೆಯ ಬಿಲ್ ನಾನು ಕಟ್ಟಿದೆ, ನಲವತ್ತು ಸಾವಿರದ ಹತ್ತಿರ ಹೋಯಿತು, ಕಾರು ಇದ್ದ ಹಾಗೇ ಇತ್ತು.

ಕೊನೆಗೆ ಒಂದು ಭಾನುವಾರ ನಾನೇ ಬಾನೆಟ್ ಎತ್ತಿದೆ. ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗೆ ಹೋಗುವ ವೈರ್‌ಗಳ ಮೇಲೆ ಒಂದು ಕಪ್ಪು ಕೊಳವೆ ಇರುತ್ತದೆ, ಅದನ್ನು ಸ್ವಲ್ಪ ಹಿಂದೆ ಸರಿಸಿದೆ ಅಷ್ಟೆ. ಒಳಗಿನ ವೈರಿನ ಹೊದಿಕೆ ಹಪ್ಪಳದ ಹಾಗೆ ಪುಡಿಪುಡಿಯಾಗಿ ಅಂಗೈಗೆ ಉದುರಿತು. ಒಳಗೆ ಬರೀ ತಾಮ್ರ, ಒಂದಕ್ಕೊಂದು ತಾಗಿಕೊಂಡು ಕೂತಿತ್ತು. ಇಂಜಿನ್ ಅದುರಿದಾಗೊಮ್ಮೆ ತಾಗುವುದು, ಬಿಡುವುದು. ಇನ್ನು ಐಡ್ಲಿಂಗ್ ಎಲ್ಲಿ ನಿಲ್ಲಬೇಕು? 1990ರ ದಶಕದ ಮಧ್ಯದವರೆಗಿನ ಇಂಜಿನ್ ವೈರಿಂಗ್ ಶಾಖಕ್ಕೆ ಹೀಗಾಗುವುದು ಈ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ವಿಷಯವಂತೆ. ನನಗೆ ಗೊತ್ತಿರಲಿಲ್ಲ. ಹಳೇ ಕಾರು ಕೊಳ್ಳುವ ಮುಂಚೆ ಬಣ್ಣ ನೋಡಿದ್ದೆ, ಲೆದರ್ ಸೀಟು ನೋಡಿದ್ದೆ, ಈ ಕೊಳವೆ ಸರಿಸಿ ನೋಡಿರಲಿಲ್ಲ.

ಹೊಸ ವೈರಿಂಗ್ ಸೆಟ್ ಬೆಲೆ ಕೇಳಿ ಫೋನ್ ಇಟ್ಟೆ. ಆಮೇಲೆ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್ ಸಿಕ್ಕರು. ಎಲ್ಲರೂ ಉಸ್ತಾದ್ ಅಂತಲೇ ಕರೆಯುವುದು, ನಾನೂ ಹಾಗೇ ಕರೆಯುತ್ತೇನೆ. ಅವರು ನೋಡಿ, "ಸಾರ್, ಇದು ಕಷ್ಟದ ಕೆಲಸ ಅಲ್ಲ, ಬೇಜಾರಿನ ಕೆಲಸ. ನೀವೂ ಕೂತ್ಕೊಳೋದಾದ್ರೆ ಮಾಡೋಣ" ಅಂದರು.

ಮೂರು ಭಾನುವಾರ ಹಿಡಿಯಿತು. ಮೊದಲು ಬ್ಯಾಟರಿ ಕಳಚಿದೆವು. ಬಿಚ್ಚುವ ಮುಂಚೆ ಎಲ್ಲ ಕಡೆಯಿಂದ ಫೋಟೋ, ಪ್ರತಿ ಪ್ಲಗ್ಗಿಗೂ ಬಿಳಿ ಟೇಪ್ ಸುತ್ತಿ ಪೆನ್ನಲ್ಲಿ ನಂಬರ್. ಪ್ಲಗ್ಗುಗಳು ಹಳೆಯವೇ, ಅವು ಗಟ್ಟಿಯಾಗಿದ್ದವು. ನಡುವಿನ ವೈರ್ ಮಾತ್ರ ಹೊಸದು, ಶಾಖ ತಡೆಯುವ ಟೆಫ್ಲಾನ್ ವೈರ್, ಹಳೆಯದರಷ್ಟೇ ದಪ್ಪ, ಅಷ್ಟೇ ಉದ್ದ. ಎಲ್ಲವನ್ನೂ ಒಟ್ಟಿಗೆ ಕತ್ತರಿಸಿ ಗುಡ್ಡೆ ಹಾಕಿದರೆ ಮುಗಿಯಿತು ಕಥೆ. ಒಂದು ವೈರ್ ತೆಗೆ, ಒಂದು ವೈರ್ ಹಾಕು, ಮೀಟರ್ ಇಟ್ಟು ನೋಡು, ಆಮೇಲೆ ಮುಂದಿನದು. ಸೋಲ್ಡರ್ ಮಾಡುವ, ಅಂದರೆ ವೈರ್ ಬೆಸೆಯುವ ಮುಂಚೆ, ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವನ್ನು ವೈರಿಗೆ ಪೋಣಿಸಬೇಕು. ನಾನು ಅದನ್ನು ಮರೆತು ಸೋಲ್ಡರ್ ಮಾಡಿಬಿಡುತ್ತಿದ್ದೆ. ಮತ್ತೆ ಬಿಚ್ಚು, ಪೋಣಿಸು, ಮತ್ತೆ ಸೋಲ್ಡರ್. ಒಂದೇ ದಿನ ನಾಲ್ಕು ಸಲ ಹೀಗಾಯಿತು. ಉಸ್ತಾದ್ ಬೈಯಲಿಲ್ಲ, ಪ್ರತಿ ವೈರಿಗೂ ಸ್ಲೀವ್ ಅವರೇ ಪೋಣಿಸಿ ನನ್ನ ಕೈಗೆ ಕೊಡಲು ಶುರು ಮಾಡಿದರು. ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಇಷ್ಟು ಮಾಡಿ ಥ್ರಾಟಲ್ ಮೇಲಿನ ಆಕ್ಚುಯೇಟರ್, ಅಂದರೆ ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲನ್ನು ತೆರೆದು ಮುಚ್ಚುವ ಮೋಟಾರ್, ಬಿಟ್ಟರೆ ಪ್ರಯೋಜನವಿಲ್ಲ. ಅದರ ಒಳಗಿಂದ ಬರುವ ವೈರ್ ಕೂಡ ಅದೇ ಕಾಲದ್ದು, ಅದೇ ಗತಿ. ಅದನ್ನೂ ಬಿಚ್ಚಿ ಒಳಗಿನವರೆಗೆ ಬದಲಾಯಿಸಿದೆವು. ಮೂರನೇ ಭಾನುವಾರ ಸಂಜೆ ಸ್ಟಾರ್ಟ್ ಮಾಡಿದಾಗ ಆರ್‌ಪಿಎಂ ಮುಳ್ಳು 750ರ ಹತ್ತಿರ ಹೋಗಿ ನಿಂತಿತು. ಇಂಜಿನ್ ಬಿಸಿಯಾಯಿತು, ಮುಳ್ಳು ಅಲ್ಲಾಡಲಿಲ್ಲ. ನಾವಿಬ್ಬರೂ ಏನೂ ಮಾತಾಡದೆ ಹತ್ತು ನಿಮಿಷ ಆ ಮುಳ್ಳನ್ನೇ ನೋಡುತ್ತಾ ಕೂತೆವು. ಹೊಸ ಗಾಳಿ ಸೆನ್ಸರ್, ಹೊಸ ಪಂಪ್ ಎರಡೂ ಬೇಕಿರಲಿಲ್ಲ ಅಂತ ಆಗ ಖಾತ್ರಿಯಾಯಿತು.

ಅದಾದ ಮೇಲಿನ ಬೇಸಿಗೆಯಲ್ಲಿ ಕೆಂಗೇರಿ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡೆ. ಎಸಿ ಆನ್ ಇತ್ತು, ಟೆಂಪರೇಚರ್ ಮುಳ್ಳು 80 ದಾಟಿ ಮೇಲೆ ಹೋಗುತ್ತಲೇ ಇತ್ತು. ಎಸಿ ಆಫ್ ಮಾಡಿ, ಇಂಜಿನ್ನಿನ ಬಿಸಿ ಹೊರಗೆಳೆಯಲಿ ಅಂತ ಹೀಟರ್ ಪೂರ್ತಿ ತಿರುಗಿಸಿ, ಕಿಟಕಿ ಇಳಿಸಿ, ಏಪ್ರಿಲ್ ಬಿಸಿಲಲ್ಲಿ ಬೆವರು ಸುರಿಸಿಕೊಂಡು ಹೇಗೋ ಪಕ್ಕಕ್ಕೆ ಬಂದೆ. ಈ ಸಲ ಸ್ಪೇರ್ ಕೊಳ್ಳುವ ಮುಂಚೆ ಓದಿದೆ. ರೇಡಿಯೇಟರ್ ಮುಂದಿನ ಎಲೆಕ್ಟ್ರಿಕ್ ಫ್ಯಾನಿಗೆ ಎರಡು ವೇಗ. ಎಸಿ ಒತ್ತಡ ಏರಿದಾಗ ನಿಧಾನದ ವೇಗದಲ್ಲಿ ತಿರುಗಬೇಕು, ಆ ವೇಗಕ್ಕೆ ಕರೆಂಟ್ ಹೋಗುವುದು ಒಂದು ಪುಟ್ಟ ರೆಸಿಸ್ಟರ್ ಮೂಲಕ. ಅದು ಸುಟ್ಟರೆ ನಿಧಾನದ ವೇಗ ಸತ್ತ ಹಾಗೆ, ಇಂಜಿನ್ ಚೆನ್ನಾಗಿ ಕಾದ ಮೇಲೆ ಬರುವ ಜೋರು ವೇಗ ಮಾತ್ರ ಉಳಿಯುತ್ತದೆ. ಹೈವೇಯಲ್ಲಿ ಗೊತ್ತೇ ಆಗುವುದಿಲ್ಲ, ಗಾಳಿ ತಾನೇ ಬರುತ್ತದಲ್ವಾ. ಮೀಟರ್ ಇಟ್ಟು ನೋಡಿದೆ, ರೆಸಿಸ್ಟರ್ ಓಪನ್, ಅಂದರೆ ಒಳಗೆ ಕಡಿದುಹೋಗಿತ್ತು. ಬದಲಾಯಿಸಲು ಅರ್ಧ ಗಂಟೆ. ಅದೇ ಕೈಯಲ್ಲಿ ರೇಡಿಯೇಟರಿನ ಮೇಲಿನ ಹೋಸ್ ಕೂರುವ ಪ್ಲಾಸ್ಟಿಕ್ ಕುತ್ತಿಗೆ ನೋಡಿದೆ, ಕೂದಲೆಳೆಯಷ್ಟು ಬಿರುಕು. ಅದು ರಸ್ತೆಯಲ್ಲಿ ಮುರಿದಿದ್ದರೆ ಇಂಜಿನ್ನೇ ಹೋಗುತ್ತಿತ್ತು. ರೇಡಿಯೇಟರ್, ಎಲ್ಲ ಹೋಸ್, ಬಿಸಿ ನೀರನ್ನು ರೇಡಿಯೇಟರಿಗೆ ಬಿಡುವ 87 ಡಿಗ್ರಿಯ ಥರ್ಮೋಸ್ಟಾಟ್, ಎಲ್ಲಾ ಒಟ್ಟಿಗೆ ಹೊಸದು ಹಾಕಿದೆ. ಇಲ್ಲಿ ಕಂಜೂಸುತನ ಬೇಡ.

ನೀರಿನ ಕಥೆ ನನ್ನದೇ ತಪ್ಪು. ಮನೆ ಮುಂದೆ ಹೊಂಗೆ ಮರದ ಕೆಳಗೆ ನಿಲ್ಲಿಸುತ್ತಿದ್ದೆ. ಎಲೆ, ಹೂವು ಎಲ್ಲ ವೈಪರ್ ಕೆಳಗಿನ ಗೂಡಿಗೆ ಇಳಿದು ನೀರು ಹೋಗುವ ತೂತು ಕಟ್ಟಿತ್ತು. ಜುಲೈನಲ್ಲಿ ಕಾರ್ಪೆಟ್ ಹಿಂಡಿದರೆ ನೀರು. ಒಂದು ಬಕೆಟ್ ಗೊಬ್ಬರ ತೆಗೆದೆ, ಅಮ್ಮ ಅದನ್ನು ಮಲ್ಲಿಗೆ ಗಿಡಕ್ಕೆ ಹಾಕಿದರು. ಬಾಗಿಲ ಕೆಳಗೆ ಜಾಕ್ ಸಿಕ್ಕಿಸುವ ತೂತಿನ ಪ್ಲಾಸ್ಟಿಕ್ ಮುಚ್ಚಳವನ್ನೂ ತೆಗೆದು ನೋಡಿ. ಒಳಗೆ ಕೆಸರು ಕೂತಿರುತ್ತದೆ, ಅದರ ಹಿಂದೆ ತುಕ್ಕು.

ಕಾರಿನ ಅಡಿಯ ಕೆಲಸದಲ್ಲಿ ಒಂದೇ ಒಂದು ಮಾತು ಹೇಳಬೇಕು. ಸಸ್ಪೆನ್ಷನ್ ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ಕಾರು ನೆಲಕ್ಕಿಳಿದು ಭಾರ ಬಿದ್ದ ಮೇಲೆ ಬಿಗಿ ಮಾಡಬೇಕು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಬೇಗ ಹರಿಯುತ್ತದೆ. ಒಬ್ಬರು ಲಿಫ್ಟ್ ಮೇಲೇ ಬಿಗಿದು ಕೊಟ್ಟಿದ್ದರು, ಆರು ತಿಂಗಳಿಗೆ ಎರಡು ಬುಷ್ ಹೋದವು, ನಾನು ಬುಷ್ ಕಂಪನಿಯನ್ನು ಬೈದುಕೊಂಡು ತಿರುಗಿದ್ದೆ. ಗೇರ್ ಹಾಕಿ ಕ್ಲಚ್ ಬಿಟ್ಟಾಗ ಬರುತ್ತಿದ್ದ ಟಕ್ ಸದ್ದು, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ರಬ್ಬರ್ ಡಿಸ್ಕಿನದು. ಶಾಫ್ಟ್ ಬಿಚ್ಚುವ ಮುಂಚೆ ಸುಣ್ಣದಲ್ಲೋ ಪೇಂಟಲ್ಲೋ ಗುರುತು ಹಾಕಿಕೊಳ್ಳಿ, ಹೇಗಿತ್ತೋ ಹಾಗೇ ಕೂರಿಸಬೇಕು, ಇಲ್ಲದಿದ್ದರೆ ಅದುರುತ್ತದೆ.

ಸ್ಪೇರ್‌ಗೆ ನಾನು ಹೋಗುವುದು ಬೆಂಗಳೂರಿನ ಜೆಸಿ ರಸ್ತೆಗೆ. ಚಾಸಿಸ್ ನಂಬರ್ ಚೀಟಿ ಪರ್ಸಿನಲ್ಲಿ ಇರಲೇಬೇಕು. "ಇ220ಗೆ ಕೊಡಿ" ಅಂದರೆ ಏನೋ ಒಂದು ಕೊಡುತ್ತಾರೆ, ಮೈಸೂರಿಗೆ ಬಂದು ನೋಡಿದರೆ ಕೂರುವುದಿಲ್ಲ. ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿದರೆ ಆ ಗೋಳಿಲ್ಲ. ಬಾಷ್, ಮಾನ್, ಲೆಮ್‌ಫೋರ್ಡರ್ ಅನ್ನುವ ಬಿಡಿಭಾಗ ತಯಾರಕರ ಪೆಟ್ಟಿಗೆಯಲ್ಲಿ ಸಿಕ್ಕಿದರೆ ಬೆಂಜ್ ಕಂಪನಿ ಪೆಟ್ಟಿಗೆಗಿಂತ ಕಡಿಮೆಗೆ ಬರುತ್ತದೆ, ನನಗೆ ವ್ಯತ್ಯಾಸ ಕಂಡಿಲ್ಲ. ಟೈರ್ ಮಾತ್ರ ಸುಖ. ಸೈಜು 195/65 ಆರ್15, ಎಲ್ಲಾ ಊರಲ್ಲೂ ಸಿಗುತ್ತದೆ.

ಈಗ ಬಂಕಿನಲ್ಲಿ ಬರುವುದು ನೂರಕ್ಕೆ 20 ಭಾಗ ಎಥನಾಲ್ ಇರುವ ಪೆಟ್ರೋಲ್. 1996ರ ರಬ್ಬರ್ ಇದನ್ನು ಕಂಡಿದ್ದಲ್ಲ. ಹಿಂದಿನ ಚಕ್ರದ ಹತ್ತಿರ, ಪಂಪ್ ಪಕ್ಕದ ಚಿಕ್ಕ ಹೋಸ್‌ಗಳನ್ನು ಬೆರಳಲ್ಲಿ ಒತ್ತಿ ನೋಡಿದಾಗ ಮೆತ್ತಗೆ ಅಂಟಂಟಾಗಿತ್ತು, ಪೆಟ್ರೋಲ್ ವಾಸನೆಯೂ ಬರುತ್ತಿತ್ತು. ಹೊಸ ಹೋಸ್ ಕೊಳ್ಳುವಾಗ ಮೈಮೇಲೆ ಜೆ30 ಆರ್9 ಅಂತ, ಅಂದರೆ ಇಂಜೆಕ್ಷನ್ ಇಂಜಿನ್ನಿನ ಪೆಟ್ರೋಲ್ ಹೋಸಿನ ಗುಣಮಟ್ಟದ ಗುರುತು, ಬರೆದಿರುವುದನ್ನೇ ತಂದೆ. ವಾರಕ್ಕೊಮ್ಮೆಯಾದರೂ ಓಡಿಸುತ್ತೇನೆ, ಹಳೇ ಪೆಟ್ರೋಲ್ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಡುವುದಿಲ್ಲ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ಓಡಿರಲಿ ಓಡದಿರಲಿ.

ಆರ್‌ಸಿ ನವೀಕರಣದ ಖರ್ಚೂ ಲೆಕ್ಕದಲ್ಲಿಡಿ. 15 ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ಮಾಡಿಸಬೇಕು. 2021ರಲ್ಲಿ ನಾನು ಕಟ್ಟಿದ ಶುಲ್ಕ 600 ರೂಪಾಯಿ, 2022ರ ಏಪ್ರಿಲ್‌ನಲ್ಲಿ ಅದು 5,000 ಆಯಿತು, 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಇನ್ನೂ ಏರಿತು. ಹಸಿರು ತೆರಿಗೆ ಬೇರೆ.

ಉಳಿದಿರುವುದು ಎಸಿ. ಒಳಗಿನ ಕೂಲಿಂಗ್ ಕಾಯಿಲ್ ಸೋರುತ್ತಿದೆ. ಅದನ್ನು ತೆಗೆಯಬೇಕಾದರೆ ಇಡೀ ಡ್ಯಾಶ್‌ಬೋರ್ಡ್ ಹೊರಗೆ ಬರಬೇಕು. ಸದ್ಯಕ್ಕೆ ಪ್ರತಿ ಬೇಸಿಗೆ ಗ್ಯಾಸ್ ತುಂಬಿಸಿ ಓಡಿಸುತ್ತಿದ್ದೇನೆ, ತಪ್ಪು ಅಂತ ಗೊತ್ತು. ಅಪ್ಪ ಪಕ್ಕದ ಸೀಟಿನಲ್ಲಿ ಕೂತು ಗಾಳಿ ಬರುವ ಕಿಂಡಿಗೆ ಕೈ ಹಿಡಿದು ನೋಡಿ, ಏನೂ ಹೇಳದೆ ಕಿಟಕಿ ಇಳಿಸುತ್ತಾರೆ. ಈ ದಸರಾ ರಜೆಯಲ್ಲಿ ಬಿಚ್ಚೋಣ ಅಂತ ಉಸ್ತಾದ್ ಹೇಳಿದ್ದಾರೆ. ಹೋದ ದಸರಾದಲ್ಲೂ ಹಾಗೇ ಹೇಳಿದ್ದರು.