1.3 ಮಲ್ಟಿಜೆಟ್ ಸ್ಟಾರ್ಟ್ ಆಗದಿದ್ದರೆ ಪೈಪು ಸಡಿಲಿಸಬೇಡಿ, ಬಾಟಲಿ ಹಿಡಿಯಿರಿ

ಹುಬ್ಬಳ್ಳಿ ಗೋಕುಲ ರೋಡಿನ ಗ್ಯಾರೇಜಿಗೆ ಸ್ವಿಫ್ಟ್ ಬರಲಿ, ಲಿನಿಯಾ ಬರಲಿ, ವಿಸ್ಟಾ ಬರಲಿ, 1.3 ಡೀಸೆಲ್ ಆದರೆ ಒಳಗಿರುವುದು ಫಿಯಾಟಿನ 1248 ಸಿಸಿ ಮಲ್ಟಿಜೆಟ್ ಎಂಜಿನ್. ಇದರ ಬೇರು ಇಟಲಿಯ ಆಲ್ಫಾ ರೋಮಿಯೋ 156ರಲ್ಲಿದೆ. ಫಿಯಾಟ್ ಬಳಗ ರೂಪಿಸಿ, ಬಾಷ್ ತಯಾರಿಕೆಗೆ ತಂದ ಕಾಮನ್ ರೈಲ್ (ಎಲ್ಲ ಸಿಲಿಂಡರಿಗೂ ಬೇಕಾದ ಡೀಸೆಲನ್ನು ಒಂದೇ ಕೊಳವೆಯಲ್ಲಿ ಭಾರಿ ಒತ್ತಡದಲ್ಲಿಡುವ ವ್ಯವಸ್ಥೆ) 1997ರಲ್ಲಿ ಮೊದಲು ಕೂತದ್ದು ಆ ಕಾರಿನಲ್ಲಿ. ಆಗಲೇ ಒತ್ತಡ 1350 ಬಾರ್, ಅಂದರೆ ನಮ್ಮ ಸುತ್ತಲ ಗಾಳಿಯ ಒತ್ತಡದ ಸುಮಾರು 1350 ಪಟ್ಟು ಇತ್ತು.

ಅದಕ್ಕೇ ಈ ಎಚ್ಚರಿಕೆ. ಯಾವ ಸಿಲಿಂಡರ್ ಸತ್ತಿದೆ ಎಂದು ತಿಳಿಯಲು ಎಂಜಿನ್ ಓಡುವಾಗಲೇ ಇಂಜೆಕ್ಟರಿಗೆ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಬರುವ ಪೈಪಿನ ನಟ್ ಸಡಿಲಿಸುವುದು ಹಳೆ ಡೀಸೆಲ್ ಗಾಡಿಗಳ ರೂಢಿ. ಕಾಮನ್ ರೈಲ್‌ನಲ್ಲಿ ಅದನ್ನು ಮಾಡಲೇಬೇಡಿ. ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಮಾಂಸಕ್ಕಿಳಿಯುತ್ತದೆ. ಸೂಜಿ ಚುಚ್ಚಿದಷ್ಟೇ ಗುರುತು ಕಂಡರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು, ಇಲ್ಲದಿದ್ದರೆ ಬೆರಳೇ ಹೋಗಬಹುದು.

ಮೊದಲು ಫಿಲ್ಟರ್ ನೋಡಿ. ಅಣ್ಣಿಗೇರಿ, ನವಲಗುಂದದ ಕಡೆ ಟ್ರ್ಯಾಕ್ಟರಿಗೆಂದು ಬ್ಯಾರಲ್ಲಿನಲ್ಲಿಟ್ಟ ಡೀಸೆಲ್ ಕಾರಿಗೂ ಬೀಳುತ್ತದೆ. ಅದರ ತಳದಲ್ಲಿ ನೀರು, ಎರೆಮಣ್ಣಿನ ಧೂಳು ಇದ್ದೇ ಇರುತ್ತವೆ. ಫಿಲ್ಟರಿನ ಕೆಳಗಿನ ಡ್ರೈನ್ ಬಿಚ್ಚಿ ಗಾಜಿನ ಲೋಟಕ್ಕೆ ಹಿಡಿಯಿರಿ. ನೀರು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಹೊಸ ಫಿಲ್ಟರ್ ಹಾಕಿದರೆ ಗಾಳಿ ತೆಗೆಯಬೇಕು: ಕೈಪಂಪ್ ಇದ್ದರೆ ಗಟ್ಟಿಯಾಗುವ ತನಕ ಒತ್ತಿ, ಟ್ಯಾಂಕಿನಲ್ಲಿ ವಿದ್ಯುತ್ ಪಂಪ್ ಇದ್ದರೆ ಸ್ಟಾರ್ಟ್ ಮಾಡದೆ ಕೀಲಿಯನ್ನು ನಾಲ್ಕೈದು ಸಲ ಆನ್-ಆಫ್ ಮಾಡಿ.

ಆಮೇಲೆ ಬಾಟಲಿ ಪರೀಕ್ಷೆ. ನಾಲ್ಕೂ ಇಂಜೆಕ್ಟರಿನ ತಲೆಯ ಮೇಲಿನ, ಉಳಿದ ಡೀಸೆಲ್ ವಾಪಸ್ ಹೋಗುವ ರಿಟರ್ನ್ ಪೈಪು ಕಳಚಿ, ಒಂದೇ ಅಳತೆಯ ನಾಲ್ಕು ಬಾಟಲಿಗೆ ರಬ್ಬರ್ ನಳಿಕೆ ಇಳಿಸಿ. ಗಾಡಿಯ ಕಡೆಯ ರಿಟರ್ನ್ ಬಾಯಿ ಮುಚ್ಚಿ. ಮೂರು ನಿಮಿಷ ಐಡಲ್‌ನಲ್ಲಿ ಓಡಿಸಿ. ಹತ್ತದಿದ್ದರೆ ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಒಂದರಲ್ಲಿ ಉಳಿದವುಗಳ ಎರಡರಷ್ಟು ಎಣ್ಣೆ ಇದ್ದರೆ ಆ ಇಂಜೆಕ್ಟರಿನ ಒಳಸೀಟು ಸವೆದಿದೆ. ಒತ್ತಡ ಅಲ್ಲೇ ಸೋರಿಹೋಗುತ್ತದೆ, ಕಾಮನ್ ರೈಲ್ ಕೊಳವೆಯ ಒತ್ತಡ ಸುಮಾರು 200 ಬಾರ್ ಮುಟ್ಟದೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಂಜೆಕ್ಟರ್ ತೆರೆಯುವುದಿಲ್ಲ. ನಾಲ್ಕೂ ಸಮನಾಗಿ ಕಡಿಮೆ ಇದ್ದರೆ ಪಂಪ್, ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್ ನೋಡಿ.

ಇಂಜೆಕ್ಟರ್ ಎತ್ತಿದ ಮೇಲೆ ಹಳೆ ತಾಮ್ರದ ವಾಷರ್ ಮತ್ತೆ ಹಾಕಬೇಡಿ. ಗ್ಯಾಸ್ ಸೋರಿ ಸುತ್ತ ಡಾಂಬರಿನಂಥ ಮಸಿ ಕಟ್ಟುತ್ತದೆ. ಹೊಸ ಇಂಜೆಕ್ಟರ್ ಆದರೆ ಅದರ ಮೇಲಿನ ಕೋಡನ್ನು ಸ್ಕ್ಯಾನರಿನಲ್ಲಿ ಇಸಿಯುಗೆ ಬರೆಯಿರಿ. ಇಲ್ಲದಿದ್ದರೆ ಹೊಸದು ಹಾಕಿಯೂ ಗಾಡಿ ನಡುಗುತ್ತದೆ.