ಎಸಿ ಕೆಟ್ಟಿತಾ? ಮೊದಲು ಹೊರಗಿನ ಯೂನಿಟ್ ನೋಡಿ (ಕಾಸರಗೋಡಿಗೆ ಬಂದ ಹೊಸಬರಿಗೆ)

ಬ್ಯಾಂಕಿಗೋ, ಸಿಪಿಸಿಆರ್‌ಐಗೋ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಕೆಲಸಕ್ಕೆ ಬರುವ ಎಷ್ಟೋ ಮನೆಯವರು ಸಾಮಾನಿನ ಜೊತೆ ಎಸಿಯನ್ನೂ ಬಿಚ್ಚಿಸಿ ತರುತ್ತಾರೆ. ಬೆಂಗಳೂರಲ್ಲಿ ಐದಾರು ವರ್ಷ ತೊಂದರೆ ಕೊಡದೆ ಓಡಿದ್ದು ಇಲ್ಲಿ ಎರಡನೇ ಬೇಸಿಗೆಗೇ ಸುಮ್ನೆ ಗಾಳಿ ಬೀಸುತ್ತಾ ಕೂರುತ್ತದೆ. ರಿಪೇರಿ ಮಾಡಿಸೋದಾ, ಹೊಸದು ತಗೊಳ್ಳೋದಾ ಅಂತ ಪ್ರತಿ ಏಪ್ರಿಲಲ್ಲೂ ನಮಗೆ ಫೋನ್ ಬರುತ್ತದೆ.

ನಮ್ಮ ಮನೆ ಕುಂಬಳೆಯಲ್ಲಿ, ಕಡಲಿಗೆ ಹತ್ತಿರ. ಮೂರು ಬೇಸಿಗೆ ಸತತವಾಗಿ ಮೆಕ್ಯಾನಿಕ್ ಬಂದು "ಗ್ಯಾಸ್ ಖಾಲಿ" ಎಂದರು, ಗ್ಯಾಸ್ ಹಾಕಿ ಹೋದರು, ನಾವೂ ದುಡ್ಡು ಕೊಟ್ಟೆವು. ನಾಲ್ಕನೇ ಸಲ ಬೇರೆಯವರು ಬಂದು ಔಟ್‌ಡೋರ್ ಯೂನಿಟ್ಟಿನ ಕವಚ ಬಿಚ್ಚಿ ತೋರಿಸಿದರು. ಹಿಂಬದಿಯ ತೆಳು ಅಲ್ಯೂಮಿನಿಯಂ ಫಿನ್‌ಗಳನ್ನು (ಬಿಸಿ ಹೊರಹಾಕುವ ಪಟ್ಟಿಗಳು) ಕಡಲಿನ ಉಪ್ಪುಗಾಳಿ ತಿಂದುಹಾಕಿತ್ತು, ಬೆರಳಲ್ಲಿ ಮುಟ್ಟಿದರೆ ಬಿಳಿ ಹುಡಿಯಾಗಿ ಉದುರುತ್ತಿದ್ದವು. ಕೆಳಗೆ ಪೈಪ್ ಬಾಗುವಲ್ಲಿ ಎಣ್ಣೆಯ ಕಲೆ, ಅದರ ಮೇಲೆ ಧೂಳು ಮೆತ್ತಿಕೊಂಡಿತ್ತು. ಸೋಪಿನ ನೀರು ಹಚ್ಚಿದ ಕೂಡಲೇ ಅಲ್ಲೇ ಗುಳ್ಳೆ ಎದ್ದಿತು. ಮೂರು ವರ್ಷದ ದುಡ್ಡು ಹೋದದ್ದು ಆ ತೂತಿನಲ್ಲಿ.

ಗ್ಯಾಸ್ ಪೆಟ್ರೋಲಿನ ಹಾಗೆ ಓಡಿದಷ್ಟೂ ಮುಗಿಯುವ ವಸ್ತು ಅಲ್ಲ. ಪೈಪಿನೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಬಿಚ್ಚಿ ಜೋಡಿಸುವಾಗಲೇ ಹೋಗಿದೆ. ಹಾಗಾಗಿ ಲೀಕ್ ಎಲ್ಲಿ ಅಂತ ತೋರಿಸದೆ ಗ್ಯಾಸ್ ಹಾಕಲು ಬಿಡಬೇಡಿ. ನೈಟ್ರೋಜನ್ ತುಂಬಿ ಪ್ರೆಶರ್ ನೋಡಲಿ, ಸರಿ ಮಾಡಿ ವ್ಯಾಕ್ಯೂಮ್ ಎಳೆಯಲಿ (ಪೈಪಿನೊಳಗಿನ ಗಾಳಿ, ತೇವ ತೆಗೆಯಲಿ), ಆಮೇಲೆ ಗ್ಯಾಸ್. ಸಾಗಿಸಿ ತಂದ ಎಸಿಯಾದರೆ ಪೈಪ್ ಜಾಯಿಂಟಿನ ನಟ್ ಸಡಿಲವಾಗಿರುವುದೂ ಉಂಟು. ಅದು ಸಣ್ಣ ಕೆಲಸ, ಅಷ್ಟಕ್ಕೇ ಹೊಸ ಎಸಿಗೆ ಓಡಬೇಡಿ.

ಫ್ಯಾನ್ ತಿರುಗುತ್ತದೆ, ಕಂಪ್ರೆಸರ್ ಸ್ಟಾರ್ಟ್ ಆಗುತ್ತಿಲ್ಲ ಎಂದರೆ ಹಳೇ ಮಾದರಿಯ ಎಸಿಗಳಲ್ಲಿ ಎಷ್ಟೋ ಸಲ ಹೋಗಿರುವುದು ಕೆಪಾಸಿಟರ್, ಅಂದರೆ ಕಂಪ್ರೆಸರ್ ಸ್ಟಾರ್ಟ್ ಆಗಲು ನೆರವಾಗುವ ಸಣ್ಣ ಭಾಗ. ಖರ್ಚು ನೂರರ ಲೆಕ್ಕದ್ದು, ಕಣ್ಣುಮುಚ್ಚಿ ಮಾಡಿಸಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಎಸಿಯ ಎಲೆಕ್ಟ್ರಾನಿಕ್ ಬೋರ್ಡಿನೊಳಗೆ ಇರುವೆ, ಹಲ್ಲಿ ಸೇರಿ ಶಾರ್ಟ್ ಆಗುವುದೂ ಇದೆ. ಬೋರ್ಡ್ ರಿಪೇರಿ ಆಗುತ್ತದಾ ಅಂತ ಕೇಳಿ, ಆಮೇಲೆ ಹೊಸ ಬೋರ್ಡಿನ ಮಾತು.

ಕಂಪ್ರೆಸರ್ರೋ ಕಾಯಿಲೋ (ಫಿನ್ ಕೂಡಿಸಿದ ಪೈಪಿನ ಸುರುಳಿ) ಹೋದರೆ ಮಾತ್ರ ಲೆಕ್ಕ ಬೇರೆ. ವಾರಂಟಿ ಕಾರ್ಡ್ ಹುಡುಕಿ, ಇನ್ವರ್ಟರ್ ಎಸಿಗಳ ಕಂಪ್ರೆಸರಿಗೆ ಹತ್ತು ವರ್ಷದವರೆಗೂ ವಾರಂಟಿ ಇರುವುದುಂಟು. ವಾರಂಟಿ ಮುಗಿದಿದ್ದು, ಎಸಿಗೆ ಎಂಟು ವರ್ಷ ದಾಟಿದ್ದು, ರಿಪೇರಿ ಖರ್ಚು ಹೊಸದರ ಅರ್ಧದ ಹತ್ತಿರ ಬಂದರೆ ನಾನಂತೂ ಹೊಸದಕ್ಕೇ ಹೋಗಿ ಅನ್ನುತ್ತೇನೆ. ಫಿನ್ ಉದುರುತ್ತಿದ್ದರೆ ಎಂಟು ವರ್ಷಕ್ಕೂ ಕಾಯಬೇಡಿ. ಆ ಕಾಯಿಲಿಗೆ ಹೊಸ ಕಂಪ್ರೆಸರ್ ಜೋಡಿಸುವುದು ದಂಡ. ಹಿಂದಿನ ಸ್ಟಿಕ್ಕರಿನಲ್ಲಿ ಆರ್-22 (ಹಳೇ ಎಸಿಗಳ ಗ್ಯಾಸ್) ಎಂದಿದ್ದರೂ ಅಷ್ಟೇ. ಓಝೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದದಂತೆ ಆ ಗ್ಯಾಸಿನ ಬಳಕೆ 2030ರ ಹೊತ್ತಿಗೆ ಬಹುತೇಕ ನಿಲ್ಲಬೇಕು. ಅದರ ಬದಲು ಹೊಸ ಎಸಿಗಳ ಗ್ಯಾಸ್ ಆರ್-32 ಹಾಕಿಕೊಡುತ್ತೇನೆ ಎಂದರೆ ಒಪ್ಪಲೇಬೇಡಿ. ಅದರ ಒತ್ತಡ ಜಾಸ್ತಿ, ಬೆಂಕಿ ಹಿಡಿಯುವ ಗುಣವೂ ಇದೆ, ಹಳೇ ಯಂತ್ರ ಅದಕ್ಕಾಗಿ ಮಾಡಿದ್ದಲ್ಲ.

ಕರೆಂಟ್ ಬಿಲ್ಲಿನ ವಿಷಯ ಕರ್ನಾಟಕದಿಂದ ಬಂದವರಿಗೆ ಗೊತ್ತಿರುವುದಿಲ್ಲ. ಇಲ್ಲಿ ಮನೆಗಳಿಗೆ ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಬಿಲ್ ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ. ತಿಂಗಳಿಗೆ 250 ಯೂನಿಟ್, ಅಂದರೆ ಎರಡು ತಿಂಗಳಿಗೆ 500 ದಾಟಿದರೆ ಹಂತ ಹಂತದ ದರ ಹೋಗಿ ಅಷ್ಟೂ ಯೂನಿಟ್ಟಿಗೆ ದೊಡ್ಡ ದರವೇ ಬೀಳುತ್ತದೆ. ಒಂದೂವರೆ ಟನ್ನಿನ ಹಳೇ ಎಸಿ ಕಂಪ್ರೆಸರ್ ಓಡುವಾಗ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ತಿನ್ನುತ್ತದೆ. ರಾತ್ರಿಗೆ ಒಟ್ಟು ನಾಲ್ಕು ಗಂಟೆ ಓಡಿದರೂ 60 ದಿನಕ್ಕೆ 360 ಯೂನಿಟ್, ಫ್ರಿಜ್ಜು, ಮೋಟರು, ಮಿಕ್ಸಿ ಬೇರೆ. ಹಳೇ ಎಸಿ ಉಳಿಸಿಕೊಳ್ಳುವ ಮೊದಲು ಒಂದು ಸಲ ಬಿಲ್ ತೆಗೆದು ನೋಡಿ.

ಬಾಡಿಗೆ ಮನೆಯ ಎಸಿಯಾದರೆ ರಿಪೇರಿಗೆ ಮೊದಲೇ ಮನೆ ಓನರ್ ಹತ್ತಿರ ಮಾತಾಡಿ, ವಾಟ್ಸಾಪಲ್ಲಿ ಬರೆದಿಟ್ಟುಕೊಳ್ಳಿ.

ಹೊಸದು ತಗೊಳ್ಳುವುದಾದರೆ ತಾಮ್ರದ ಕಾಯಿಲ್, ಉಪ್ಪುಗಾಳಿ ತಡೆಯುವ ಕೋಟಿಂಗ್ ಇರುವುದನ್ನೇ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಎಸಿಯ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಮಂಗಳೂರಲ್ಲಿ ಕಡಿಮೆಗೆ ಸಿಕ್ಕರೆ, ಫಿಟ್ಟಿಂಗಿಗೆ ಮತ್ತು ಸರ್ವಿಸಿಗೆ ತಲಪಾಡಿ ಗಡಿ ದಾಟಿ ಬರುತ್ತಾರಾ ಅಂತ ದುಡ್ಡು ಕೊಡುವ ಮೊದಲೇ ಕೇಳಿ. ಔಟ್‌ಡೋರನ್ನು ಕಡಲ ಗಾಳಿ ನೇರ ಬಡಿಯದ ಗೋಡೆಗೆ ಹಾಕಿಸಿ, ತಿಂಗಳಿಗೊಮ್ಮೆ ಸ್ವಿಚ್ ಆಫ್ ಮಾಡಿ ಸಿಹಿನೀರಲ್ಲಿ ಮೆಲ್ಲಗೆ ತೊಳೆಯಿರಿ.

ಇಲ್ಲಿ ಕನ್ನಡ, ತುಳು ಬಲ್ಲ ಮೆಕ್ಯಾನಿಕ್‌ಗಳು ಬೇಕಾದಷ್ಟು ಜನ ಇದ್ದಾರೆ. ಮಲಯಾಳ ಮಾತ್ರ ಬರುವವರು ಸಿಕ್ಕರೆ ಎರಡು ಮಾತು ಕಲಿತಿರಿ: "ಲೀಕ್ ಎವಿಡೆಯಾ?" ಅಂದರೆ ಲೀಕ್ ಎಲ್ಲಿ, "ಬಿಲ್ ವೇಣಂ" ಅಂದರೆ ಬಿಲ್ ಬೇಕು. ಹಾಕಿದ ಪಾರ್ಟಿನ ಹೆಸರು, ತಾರೀಕು ಆ ಬಿಲ್ಲಿನಲ್ಲಿರಲಿ, ತೆಗೆದ ಹಳೇ ಪಾರ್ಟನ್ನು ಕೇಳಿ ಇಸ್ಕೊಳ್ಳಿ.